ಲೆಕ್ಕ ಬರುವುದಿಲ್ಲ ಎಂದವರ ಲೆಕ್ಕ

(ಉಡುಪಿಯ ಓದುಗರ ಬಳಗವೊಂದರ ತಿಂಗಳ ಸಭೆಯಲ್ಲಿ ನಿವೃತ್ತ ಗಣಿತ ಶಿಕ್ಷಕಿಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರು ದಯವಿಟ್ಟು ಮುಂದೆ ಬನ್ನಿ. ಇವತ್ತು ಯಾರನ್ನೂ ಬೋರ್ಡಿಗೆ ಕರೆಯುವುದಿಲ್ಲ.

ಬಳಗದವರು ನನಗೆ ಕೊಟ್ಟ ವಿಷಯ: ಶಾಲೆಯಲ್ಲಿ ನಮಗೆ ಇಷ್ಟವಾದ ಪಾಠ, ಕಷ್ಟವಾದ ಪಾಠ. ಹೈಸ್ಕೂಲಿನಲ್ಲಿ ಪಿ.ಸಿ.ಎಂ. (ಭೌತ, ರಸಾಯನ, ಗಣಿತ) ಟೀಚರಾಗಿ ನಿವೃತ್ತಳಾದವಳನ್ನು ಈ ವಿಷಯಕ್ಕೆ ಕರೆಯಲು ಧೈರ್ಯ ಬೇಕು. ಈ ಊರಿನ ಎಷ್ಟೋ ಜನರ ಕಷ್ಟದ ಪಾಠ ನಾನೇ. ರಥಬೀದಿಯಲ್ಲಿ, ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಸಿಕ್ಕುವ ಹಳೆ ವಿದ್ಯಾರ್ಥಿಗಳು ಕುಶಲ ಕೇಳಿ ಮುಗಿಸುವ ಮೊದಲೇ ಹೇಳುತ್ತಾರೆ: "ಟೀಚರೇ, ನನಗೆ ಲೆಕ್ಕ ಮಾತ್ರ ತಲೆಗೆ ಹತ್ತಲಿಲ್ಲ ನೋಡಿ." ಹಾಗೆ ಹೇಳುವವರಲ್ಲಿ ಬ್ಯಾಂಕಿನಿಂದ ಮ್ಯಾನೇಜರಾಗಿ ರಿಟೈರ್ ಆದವರೂ ಇದ್ದಾರೆ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ್ದು ಈ ಊರಲ್ಲಿ. 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದೂ ಇಲ್ಲಿಯೇ. 1928ರಲ್ಲಿ ಪಿಗ್ಮಿ ಠೇವಣಿ ಶುರುವಾಗಿ, ದಿನದ ಚಿಲ್ಲರೆ ಕೂಡಿಸುವುದನ್ನು ಮನೆಮನೆಗೆ ಕಲಿಸಿದ ಊರು ಇದು. ಇಂಥ ಊರಿಗೆ ಲೆಕ್ಕ ಬರುವುದಿಲ್ಲವಂತೆ! ನಾನು ನಂಬುವುದಿಲ್ಲ.

ಒಳಗೆ ಬರುವಾಗ ನಿಮ್ಮಿಂದ ಒಂದೊಂದು ಚೀಟಿ ಬರೆಸಿಕೊಂಡರಲ್ಲ, ಅದು ನಾನು ಹೇಳಿ ಮಾಡಿಸಿದ್ದು. ಯಾವ ಪಾಠ ಇಷ್ಟ, ಯಾಕೆ; ಯಾವುದು ಕಷ್ಟ, ಯಾಕೆ. ಹೆಸರು ಬೇಡ ಎಂದಿದ್ದೆ. ಅಕ್ಷರ ನೋಡಿಯೇ ಒಂದಿಬ್ಬರು ಯಾರೆಂದು ತಿಳಿಯಿತು, ಹೇಳುವುದಿಲ್ಲ. ಕೆಲವನ್ನು ಓದುತ್ತೇನೆ. "ಹಿಂದಿ ಇಷ್ಟ. ಟೀಚರ್ ಪ್ರತಿ ಪದ್ಯಕ್ಕೂ ಒಂದು ರಾಗ ಹಾಕುತ್ತಿದ್ದರು." "ಸಮಾಜ ಇಷ್ಟ. ಊಟದ ನಂತರದ ಪಿರಿಯಡ್, ಮಾಸ್ಟ್ರು ಕಥೆ ಹೇಳುತ್ತಿದ್ದರು, ಪ್ರಶ್ನೆ ಕೇಳುತ್ತಿರಲಿಲ್ಲ." "ವಿಜ್ಞಾನ ಕಷ್ಟ. ಲ್ಯಾಬಿನ ಬೀಗ ತೆಗೆಯುತ್ತಿದ್ದದ್ದು ಇನ್ಸ್‌ಪೆಕ್ಷನ್ ದಿನ ಮಾತ್ರ." "ಇಂಗ್ಲಿಷ್ ಕಷ್ಟ. ನನ್ನ ಉಚ್ಚಾರ ಕೇಳಿ ಹೆಣ್ಣುಮಕ್ಕಳ ಸಾಲು ನಗುತ್ತಿತ್ತು." ಇನ್ನೊಂದರಲ್ಲಿ ಇಷ್ಟೇ ಇದೆ: "ಲೆಕ್ಕ. ಬೋರ್ಡಿಗೆ ಕರೆಯುತ್ತಿದ್ದರು."

ಈ ಚೀಟಿಗಳಲ್ಲಿ ಪಾಠ ಎಲ್ಲಿದೆ ಹುಡುಕಿ. ಭಿನ್ನರಾಶಿ ಅರ್ಥವಾಗಲಿಲ್ಲ ಎಂದು ಯಾರೂ ಬರೆದಿಲ್ಲ. ಬರೆದದ್ದೆಲ್ಲ ಕ್ಲಾಸಿನ ಕೋಣೆಯ ಬಗ್ಗೆ: ಯಾರು ನಕ್ಕರು, ಯಾರು ಗದರಿಸಿದರು, ಗಂಟೆ ಎಷ್ಟಾಗಿತ್ತು. ಹಾಗಿದ್ದೂ ನಾವು ಹೊರಗೆ ಹೇಳಿಕೊಳ್ಳುವುದು "ಆ ಪಾಠ ನನಗೆ ಆಗುವುದಿಲ್ಲ" ಎಂದು. ನಮ್ಮ ಶಾಲೆಯ ವಿಚಾರದಲ್ಲಿ ನಾವು ಅಷ್ಟೇನೂ ನಂಬಿಕೆಯ ಸಾಕ್ಷಿಗಳಲ್ಲ. ಆ ಸಾಕ್ಷಿಯ ಮೇಲೆಯೇ ಮಕ್ಕಳ, ಮೊಮ್ಮಕ್ಕಳ ಕೇಸು ತೀರ್ಮಾನ ಮಾಡುತ್ತೇವೆ. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ.

ಅಮೆರಿಕದಲ್ಲಿ ಹ್ಯಾರಿ ಬಾರಿಕ್ ಎಂಬ ಮನೋವಿಜ್ಞಾನಿ ಇದ್ದರು. ಶಾಲೆಯಲ್ಲಿ ಕಲಿತದ್ದರಲ್ಲಿ ಎಷ್ಟು ಉಳಿಯುತ್ತದೆ ಎಂಬುದರ ಹಿಂದೆ ಬಹಳ ವರ್ಷ ಬಿದ್ದವರು. 1996ರಲ್ಲಿ ಅವರೂ ಜೊತೆಗಾರರೂ 99 ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಹೈಸ್ಕೂಲಿನಲ್ಲಿ ಯಾವ ವಿಷಯಕ್ಕೆ ಯಾವ ಗ್ರೇಡ್ ಬಂದಿತ್ತು ಎಂದು ಕೇಳಿ, ಶಾಲೆಯ ದಾಖಲೆಯ ಜೊತೆ ತಾಳೆ ನೋಡಿದರು. ಎ ಗ್ರೇಡ್ ಬಂದ ಕಡೆ ನೂರಕ್ಕೆ 89 ಸಲ ನೆನಪು ಸರಿ ಇತ್ತು. ಡಿ ಗ್ರೇಡ್ ಬಂದ ಕಡೆ ಸರಿಯಾದದ್ದು ನೂರಕ್ಕೆ 29 ಸಲ. ತಪ್ಪಿದ್ದು ಹೆಚ್ಚಾಗಿ ಮೇಲ್ಮುಖವಾಗಿ: ಡಿ ಬಂದದ್ದು ಸಿ ಆಗಿರುತ್ತದೆ, ಬಿ ಬಂದದ್ದು ಎ ಆಗಿರುತ್ತದೆ. ಅವರು ಶಾಲೆ ಬಿಟ್ಟು ಹೆಚ್ಚು ವರ್ಷವಾಗದ ಹುಡುಗರು, ನೆನಪಿಡಿ. ಇಲ್ಲಿ ಕೂತಿರುವ ನಾವೆಲ್ಲ ಅರವತ್ತು ದಾಟಿದವರು. ನಾವು ಈಗ ನಮ್ಮ ನಮ್ಮ ಎಸ್ಸೆಸ್ಸೆಲ್ಸಿ ಅಂಕ ಹೇಳಿ ಕೂಡಿಸಿದರೆ, ಅಷ್ಟು ಫಸ್ಟ್ ಕ್ಲಾಸು ಆ ಕಾಲದಲ್ಲಿ ಇಡೀ ತಾಲೂಕಿಗೆ ಬಂದಿರಲಿಕ್ಕಿಲ್ಲ.

ನಗಬೇಡಿ, ಇದರಲ್ಲಿ ಒಂದು ಗಂಭೀರ ಸಂಗತಿ ಇದೆ. ಅಂಕದ ನೆನಪು ಮೇಲಕ್ಕೆ ಜಾರುತ್ತದೆ. ಲೆಕ್ಕದ ವಿಚಾರದಲ್ಲಿ ಮಾತ್ರ ನಮ್ಮವರು ಕೆಳಗೆ ಜಾರಲಿಕ್ಕೂ ನಾಚುವುದಿಲ್ಲ. ಓದಲು ಬರೆಯಲು ಬರುವುದಿಲ್ಲ ಎಂದು ಸಭೆಯಲ್ಲಿ ಯಾರೂ ಎದೆ ತಟ್ಟಿ ಹೇಳುವುದಿಲ್ಲ. ಲೆಕ್ಕ ಬರುವುದಿಲ್ಲ ಎಂದು ನಗುನಗುತ್ತಾ ಹೇಳುತ್ತೇವೆ, ಪಕ್ಕದವರೂ "ನನಗೂ ಅಷ್ಟೇ ಮಾರಾಯ್ರೆ" ಎಂದು ಕೈ ಕೊಡುತ್ತಾರೆ.

ನಮ್ಮ ಮನೆಯ ಕಡೆ ಮೀನು ತರುವ ಅಕ್ಕ ಒಬ್ಬರಿದ್ದಾರೆ. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ಫೇಲಾಗಿ ಶಾಲೆ ಬಿಟ್ಟವರು. "ಎಂಕ್ ಲೆಕ್ಕ ಬರ್ಪುಜಿ ಟೀಚರೇ" ಎನ್ನುವುದು ಅವರ ಪಲ್ಲವಿ. ಒಂದು ದಿನ ಅವರು ಬುಟ್ಟಿ ಇಳಿಸಿದಾಗ ನಾನು ಸುಮ್ಮನೆ ಕೂತು ನೋಡಿದೆ. ಬೆಳಿಗ್ಗೆ ಮಲ್ಪೆ ಬಂದರಿನ ಏಲಂನಲ್ಲಿ ಬಂಗುಡೆ ಹಿಡಿದಿದ್ದಾರೆ, 1,800 ರೂಪಾಯಿಗೆ, ಸುಮಾರು 150 ಮೀನು. ಐಸಿಗೂ ರಿಕ್ಷಾಕ್ಕೂ ಸೇರಿ 200. ನೂರು ರೂಪಾಯಿಗೆ 6 ಎಂದು ಕೂಗಿಕೊಂಡು ಬಂದಿದ್ದಾರೆ. ನಮ್ಮ ಗೇಟಿಗೆ ಬರುವಾಗ ಬಿಸಿಲೇರಿದೆ, ಬುಟ್ಟಿಯಲ್ಲಿ 60 ಉಳಿದಿದೆ. ಇನ್ನೂ ನೂರಕ್ಕೆ 6 ಎಂದು ಹಟ ಹಿಡಿದರೆ ಐಸು ಕರಗಿ ಮೀನು ಮೆತ್ತಗಾಗುತ್ತದೆ. ಅವರು ಸೆರಗಿನ ಗಂಟು ಮುಟ್ಟಿ ನೋಡಿಕೊಂಡು, ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, "ನೂರಕ್ಕೆ 8 ಕೊಡ್ತೇನೆ, ತಕೊಳ್ಳಿ" ಎಂದರು.

ಆ ಎರಡು ಉಸಿರಿನಲ್ಲಿ ಏನಾಯಿತು ನೋಡಿ. 90 ಮೀನು ಮಾರಿ 1,500 ಬಂದಿದೆ. ಹಾಕಿದ್ದು 2,000. ಅಸಲು ಹುಟ್ಟಲು ಇನ್ನು 500 ಬೇಕು. 60 ಮೀನಿಗೆ 500 ಎಂದರೆ ನೂರಕ್ಕೆ 12ರವರೆಗೆ ಇಳಿದರೂ ನಷ್ಟವಿಲ್ಲ. 8ಕ್ಕೆ ಕೊಟ್ಟರೆ ಏಳು ಪಾಲು ಮಾಡಿ 700, ಮೇಲೆ ನಾಲ್ಕು ಬಂಗುಡೆ ಮನೆಯ ಸಾರಿಗೆ. ಲಾಭ 200. ಇದನ್ನೇ ನಾನು ಹತ್ತನೇ ಕ್ಲಾಸಿಗೆ ನಾಲ್ಕು ಅಂಕದ ಪ್ರಶ್ನೆಯಾಗಿ ಕೊಟ್ಟಿದ್ದರೆ ಅರ್ಧ ಕ್ಲಾಸು ಪೆನ್ನು ಕಚ್ಚುತ್ತಾ ಕೂರುತ್ತಿತ್ತು. ಅಕ್ಕನಿಗೆ ಕಾಗದ ಕೊಟ್ಟರೆ ಅವರೂ ಕಚ್ಚುತ್ತಿದ್ದರೇನೋ.

ಇದು ನನ್ನ ಕಲ್ಪನೆಯಲ್ಲ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಟೆರೆಝಿನ್ಯಾ ನ್ಯೂನೆಸ್, ಡೇವಿಡ್ ಕ್ಯಾರಹರ್, ಅನಾಲೂಸಿಯಾ ಷ್ಲೀಮನ್ ಎಂಬ ಮೂವರು ಇದನ್ನೇ ಪರೀಕ್ಷೆ ಮಾಡಿ 1985ರಲ್ಲಿ ಪ್ರಕಟಿಸಿದರು. ಬೀದಿಯಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳು. ಮೊದಲು ಗಿರಾಕಿಗಳ ಹಾಗೆ ಹೋಗಿ ಕೇಳಿದರು. ನೂರಕ್ಕೆ 98 ಉತ್ತರ ಸರಿ. ಆಮೇಲೆ ಅದೇ ಮಕ್ಕಳಿಗೆ ಅವೇ ಸಂಖ್ಯೆಗಳನ್ನು ಶಾಲೆಯ ರೀತಿಯಲ್ಲಿ, ಬರೀ ಗುಣಾಕಾರ ಸಂಕಲನವಾಗಿ ಕೊಟ್ಟರು. ನೂರಕ್ಕೆ 37 ಮಾತ್ರ ಸರಿ. ಅದರಲ್ಲಿ ತೆಂಗಿನಕಾಯಿ ಮಾರುವ 12 ವರ್ಷದ ಹುಡುಗನೊಬ್ಬ. ಕಾಯಿಗೆ 35ರಂತೆ ನಾಲ್ಕಕ್ಕೆ ಎಷ್ಟು? ಮೂರಕ್ಕೆ 105, ಅದಕ್ಕೆ 30 ಸೇರಿಸಿದರೆ 135, ಇನ್ನೈದು, 140 ಎಂದ. ಕಾಗದದ ಮೇಲೆ 35 ಗುಣಿಸು 4 ಎಂದಾಗ: ನಾಲ್ಕೈದಲೆ ಇಪ್ಪತ್ತು, ಕೈಯಲ್ಲಿ ಎರಡು, ಮೂರಕ್ಕೆ ಎರಡು ಕೂಡಿದರೆ ಐದು, ಐದ್ನಾಲ್ಕಲೆ ಇಪ್ಪತ್ತು, ಉತ್ತರ 200! ಕಾಯಿ ಮಾರುವಾಗ ಯಾರಾದರೂ 200 ಕೊಡಲು ಬಂದಿದ್ದರೆ ಅವನೇ ತಿದ್ದುತ್ತಿದ್ದ.

ನನಗೆ ಇದರಲ್ಲಿ ಕಾಣುವುದು ಶಾಲೆ ಬೇಡ ಎಂಬ ಮಾತಲ್ಲ. ಬೀದಿಯ ಲೆಕ್ಕದಲ್ಲಿ ಬೀಜಗಣಿತ ಬರುವುದಿಲ್ಲ, ಅದಕ್ಕೆ ಶಾಲೆಯೇ ಬೇಕು. ಆದರೆ ಕೈಯಲ್ಲಿರುವ ಲೆಕ್ಕಕ್ಕೂ ಕಾಗದದ ಲೆಕ್ಕಕ್ಕೂ ನಡುವೆ ಒಂದು ಸಂಕ, ಅಂದರೆ ಕಾಲುಸೇತುವೆ, ಬೇಕಿತ್ತು. ನಮ್ಮಲ್ಲಿ ಬಹಳ ಜನ ಮಳೆಗಾಲದಲ್ಲಿ ಸಂಕ ಇಲ್ಲದ ತೋಡಿನ ಆಚೆ ದಡದಲ್ಲೇ ಉಳಿದುಬಿಟ್ಟರು.

ಕನ್ನಡದ ಪಾಠಕ್ಕೂ ಇದೇ ಗತಿ. ಛಂದಸ್ಸು ಎಂದ ಕೂಡಲೇ ಮುಖ ಸಪ್ಪೆ ಮಾಡುವವರು ಇಲ್ಲಿ ಎಷ್ಟು ಮಂದಿ? ಕೈ ಎತ್ತಿ. ಹಾಂ, ಲೆಕ್ಕಕ್ಕಿಂತ ಹೆಚ್ಚು ಇದ್ದೀರಿ, ನನಗೆ ಸಮಾಧಾನ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಕನ್ನಡ ಪಂಡಿತರು ಗಣ ವಿಭಾಗಕ್ಕೆ ಒಬ್ಬ ಹುಡುಗನನ್ನು ಎಬ್ಬಿಸಿದ್ದರು. ಯಮಾತಾರಾಜಭಾನಸಲಗಂ ಎಂದು ಬಾಯಿಪಾಠ ಒಪ್ಪಿಸುತ್ತಾನೆ, ಬೋರ್ಡಿನ ಮೇಲೆ ಗುರು ಲಘು ಹಾಕು ಎಂದರೆ ಚಾಕ್‌ಪೀಸು ಅಲ್ಲಿಯೇ ನಿಲ್ಲುತ್ತದೆ. ಅದೇ ಹುಡುಗ ವಾರ್ಷಿಕೋತ್ಸವದ ಯಕ್ಷಗಾನದಲ್ಲಿ ಭಾಗವತರ ಹಿಂದೆ ಕೂತು ಭಾಮಿನಿ ಹೇಳುವವನು. ಪಂಡಿತರು ಚಾಕ್‌ಪೀಸು ಕಸಿದುಕೊಂಡು, "ನೀನು ಹಾಡು, ನಾನು ಬರೀತೇನೆ" ಎಂದರು. ಅವನು ಹಾಡಿದ. ಅವರು ಮೂರು, ನಾಲ್ಕು, ಮೂರು, ನಾಲ್ಕು ಎಂದು ಗೆರೆ ಹಾಕುತ್ತಾ ಹೋದರು. ಪಕ್ಕದ ಕ್ಲಾಸಿನಲ್ಲಿದ್ದ ನಾನು ಬಾಗಿಲಲ್ಲಿ ನಿಂತು ಕೇಳಿದೆ, ಏಕೆಂದರೆ ಅದು ನನ್ನ ಪಾಠವೂ ಹೌದು.

ಗಿಡ್ಡ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ; ಉದ್ದದ್ದು ಗುರು, ಅದಕ್ಕೆ ಎರಡು. ಭಾಮಿನಿ ಷಟ್ಪದಿಯಲ್ಲಿ ಆರು ಸಾಲು. ಒಂದು, ಎರಡು, ನಾಲ್ಕು, ಐದನೇ ಸಾಲಿನಲ್ಲಿ ಮೂರು ನಾಲ್ಕರ ಜೋಡಿ ಎರಡು ಸಲ, ಅಂದರೆ 14 ಮಾತ್ರೆ. ಮೂರು ಮತ್ತು ಆರನೇ ಸಾಲಿನಲ್ಲಿ ಆ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ 23. ಒಟ್ಟು 102. ವಾರ್ಧಕಕ್ಕೆ ಬಂದರೆ ಐದೈದರ ಗಣ, ಒಟ್ಟು 144. ಕುಮಾರವ್ಯಾಸ ತನ್ನ ಇಡೀ ಭಾರತವನ್ನು ಈ 102ರ ಅಚ್ಚಿನಲ್ಲಿ ಎರಕ ಹೊಯ್ದ. ನಮ್ಮ ಪ್ರಸಂಗ ಕವಿಗಳು ಭಾಮಿನಿ, ವಾರ್ಧಕ, ಕಂದ, ದ್ವಿಪದಿ ಎಲ್ಲವನ್ನೂ ಈಗಲೂ ಕಟ್ಟುತ್ತಾರೆ, ಅದನ್ನು ರಾತ್ರಿಯಿಡೀ ಗದ್ದೆಯಲ್ಲಿ ಕೂತು ಕೇಳುವವರು ನಾವು. ಮಾತ್ರೆ ತಪ್ಪಿದರೆ ನಮ್ಮ ಅಜ್ಜಿಗೆ ಕೂಡ "ಎಲ್ಲೋ ಎಡವಿತು" ಎಂದು ಗೊತ್ತಾಗುತ್ತಿತ್ತು. ಆ ಕಿವಿಯನ್ನು ಮನೆಯಲ್ಲಿಟ್ಟು ಶಾಲೆಗೆ ಬಂದದ್ದೇ ತೊಂದರೆ.

ಈ ಊರಿನಲ್ಲಿ ಛಂದಸ್ಸಿನ ಮಾತು ಬಂದ ಮೇಲೆ ಮುದ್ದಣನನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಹುಟ್ಟಿದ್ದು 1870, ಕ್ಷಯದಿಂದ ತೀರಿಕೊಂಡದ್ದು 1901. ಉಡುಪಿಯ ಹೈಸ್ಕೂಲಿನಲ್ಲಿ ವ್ಯಾಯಾಮ ಶಿಕ್ಷಕರು, ಡ್ರಿಲ್ ಮಾಸ್ಟ್ರು. ಯಕ್ಷಗಾನ ಪ್ರಸಂಗ ಬರೆದರು, ಹಳಗನ್ನಡದ ಗದ್ಯಕ್ಕೆ ಮರುಜೀವ ಕೊಟ್ಟರು, ತಾನೇ ಬರೆದದ್ದು ಎಂದು ಹೇಳಿಕೊಳ್ಳಲಿಲ್ಲ. ಯಾವುದೋ ಹಳೆಯ ಕವಿಯ ಓಲೆ ಸಿಕ್ಕಿತು ಎಂಬಂತೆ ಪ್ರಕಟವಾಯಿತು. ಮೈದಾನದಲ್ಲಿ ಲೆಫ್ಟ್ ರೈಟ್ ಹೇಳಿಸಿಕೊಂಡ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ, ಈ ಮಾಸ್ಟ್ರ ತಲೆಯಲ್ಲಿ ಏನು ಓಡುತ್ತಿದೆ ಎಂದು. ಟೈಂಟೇಬಲ್ಲಿನಲ್ಲಿ ಅವರ ಹೆಸರು ಪಿ.ಟಿ. ಎಂಬ ಕೊನೆಯ ಪಿರಿಯಡಿನ ಎದುರು ಇದ್ದಿರಬೇಕು.

ಇನ್ನು ನನ್ನ ಸ್ವಂತ ವಿಷಯದ ಮೇಲೆ ನನಗಿರುವ ಒಂದು ತಕರಾರು. ತ್ರಿಕೋನಮಿತಿ ಪಾಠದಲ್ಲಿ ದೀಪಸ್ತಂಭದ ಲೆಕ್ಕ ಬರುತ್ತದಲ್ಲ, ತುದಿಯಿಂದ ನೋಡಿದಾಗ ಹಡಗೊಂದರ ಅವನತ ಕೋನ, ಅಂದರೆ ಕೆಳಕ್ಕೆ ನೋಡುವ ಕೋನ, 30 ಡಿಗ್ರಿ, ದೂರ ಕಂಡುಹಿಡಿಯಿರಿ ಎಂದು. ನಮಗೆ ಅರ್ಧ ಗಂಟೆಯ ಬಸ್ಸಿನ ದೂರದಲ್ಲಿ ಕಾಪು ದೀಪಸ್ತಂಭ ಇದೆ, 1901ರಲ್ಲಿ ಬಂಡೆಯ ಮೇಲೆ ಕಟ್ಟಿದ್ದು, ಕಟ್ಟಡ ಸುಮಾರು 27 ಮೀಟರ್. ಪುಸ್ತಕದ ಲೆಕ್ಕವನ್ನು ಅಲ್ಲಿಗೆ ಒಯ್ಯಿರಿ. 27ನ್ನು ಮೂರರ ವರ್ಗಮೂಲದಿಂದ ಗುಣಿಸಿದರೆ 47 ಮೀಟರ್ ಆಗುತ್ತದೆ. ಬಂಡೆಯ ಎತ್ತರ ಸೇರಿಸಿದರೂ ನೂರು ಮೀಟರಿನ ಒಳಗೇ. ಅಷ್ಟು ಹತ್ತಿರ ಬಂದ ಹಡಗು ದೂರ ಕಂಡುಹಿಡಿಯುವ ಸ್ಥಿತಿಯಲ್ಲಿ ಇರುವುದಿಲ್ಲ, ಬಂಡೆಗೆ ಹೊಡೆದು ಆಗಿರುತ್ತದೆ! ನಮ್ಮ ಮೀನುಗಾರ ಮೊಗವೀರರ ಮನೆಯ ಮಕ್ಕಳು ಈ ಲೆಕ್ಕವನ್ನು ಪ್ರತಿ ವರ್ಷ ತುಟಿ ಪಿಟಕ್ಕೆನ್ನದೆ ಬಿಡಿಸಿದರು. ಒಬ್ಬನಿಗೂ ನಗು ಬರಲಿಲ್ಲ ಎಂದರೆ ಪುಸ್ತಕದ ಸಮುದ್ರ ಬೇರೆ, ಮನೆಯ ಹಿಂದಿನ ಸಮುದ್ರ ಬೇರೆ ಎಂದು ಅವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು.

ನಿಜವಾದ ಲೆಕ್ಕ ಇನ್ನೂ ಚೆನ್ನಾಗಿದೆ. ಆ ದೀಪದ ಎತ್ತರದಿಂದ ಕಣ್ಣಿಗೆ ಕಾಣುವ ಸಮುದ್ರದ ಅಂಚು ಎಷ್ಟು ದೂರ? ಭೂಮಿ ಗುಂಡಗಿರುವುದರಿಂದ ಪೈಥಾಗೊರಸ್ ಪ್ರಮೇಯ ಹಾಕಿದರೆ ಉತ್ತರ ಸಿಗುತ್ತದೆ: ಎತ್ತರ ಎಷ್ಟು ಮೀಟರೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿ, ಬಂದದ್ದು ಕಿಲೋಮೀಟರ್. 27 ಮೀಟರಿಗೆ ಹದಿನೆಂಟೂವರೆ ಕಿಲೋಮೀಟರ್. ಆ ಅಂಚಿನ ಅವನತ ಕೋನ 30 ಡಿಗ್ರಿ ಬಿಡಿ, ಒಂದು ಡಿಗ್ರಿಯ ಐದನೇ ಒಂದಂಶವೂ ಇಲ್ಲ. ದಡದಲ್ಲಿ ನಿಂತವನಿಗೆ ಐದು ಕಿಲೋಮೀಟರೂ ಕಾಣುವುದಿಲ್ಲ. ದೀಪವನ್ನು ಅಷ್ಟು ಮೇಲೆ ಯಾಕೆ ಇಟ್ಟರು ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕೇ?

ಭೂಗೋಳದ ಕಥೆಯೂ ಇದೇ. ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಎಂದು ಮೂರು ಹೆಸರು ಬಾಯಿಪಾಠ ಮಾಡಿದೆವು, ಎರಡು ಅಂಕಕ್ಕೆ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೈಂಟ್ ಮೇರೀಸ್ ದ್ವೀಪ. ಅಲ್ಲಿ ಲಾವಾ ತಣ್ಣಗಾಗಿ ಕುಗ್ಗುವಾಗ ಸೀಳಿಕೊಂಡು ಆರು ಮೂಲೆಯ ಕಂಬಗಳಾಗಿ ನಿಂತಿದೆ. ವಯಸ್ಸು ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದ ಬೆಂಕಿ ಅದು. ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ. ನಾವು ಅಲ್ಲಿಗೆ ಶಾಲೆಯ ಪ್ರವಾಸ ಹೋದದ್ದು ಚುರುಮುರಿ ತಿನ್ನಲು, ಫೋಟೊ ತೆಗೆಯಲು. ಭೂಗೋಳ ಕಷ್ಟ ಎಂದು ಚೀಟಿ ಬರೆದವರು ಆ ಕಂಬದ ಮೇಲೆ ಕೂತು ಚುರುಮುರಿ ತಿಂದಿದ್ದಾರೆ.

ಭಾಷೆಯ ಬಗ್ಗೆ ಎರಡೇ ಮಾತು. ಈ ಕರಾವಳಿಯಲ್ಲಿ ಒಂದನೇ ಕ್ಲಾಸಿಗೆ ಬರುವ ಮಗುವಿನ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಇಲ್ಲವೇ ಕುಂದಾಪುರದ ಕನ್ನಡ. ಪುಸ್ತಕದ ಕನ್ನಡ ನಮ್ಮಲ್ಲಿ ಬಹಳ ಜನರಿಗೆ ಶಾಲೆಯಲ್ಲೇ ಮೊದಲು ಸಿಕ್ಕಿದ್ದು. ಆದ್ದರಿಂದಲೇ ನಾವು ಮೈಸೂರಿಗೆ ಹೋಗಿ ಬಾಯಿ ಬಿಟ್ಟರೆ ಪಠ್ಯಪುಸ್ತಕ ಓದಿದ ಹಾಗೆ ಕೇಳುತ್ತದೆ ಎಂದು ನಗುತ್ತಾರೆ. ನಗಲಿ. ಗೊತ್ತಿಲ್ಲದ ಭಾಷೆಯಲ್ಲಿ ಕೂತು, ಅದೇ ಭಾಷೆಯಲ್ಲಿ ಲೆಕ್ಕ, ವಿಜ್ಞಾನ, ಸಮಾಜ ಎಲ್ಲ ಕಲಿತ ಮಕ್ಕಳು ನಾವು. ಈಗ ಆ ಜಾಗಕ್ಕೆ ಇಂಗ್ಲಿಷ್ ಬಂದು ಕೂತಿದೆ, ಪರದಾಟ ಅದೇ.

ಕಲಿತದ್ದರಲ್ಲಿ ಏನು ಉಳಿಯುತ್ತದೆ? ಅದೇ ಬಾರಿಕ್, ಹಾಲ್ ಎಂಬವರ ಜೊತೆ ಸೇರಿ 1991ರಲ್ಲಿ ಹೈಸ್ಕೂಲ್ ಬೀಜಗಣಿತದ ಮೇಲೆ ದೊಡ್ಡದೊಂದು ಅಧ್ಯಯನ ಪ್ರಕಟಿಸಿದರು. ಶಾಲೆ ಬಿಟ್ಟು 50 ವರ್ಷ ಆದವರೂ ಅದರಲ್ಲಿದ್ದರು. ಹೈಸ್ಕೂಲಿನ ನಂತರ ಗಣಿತ ಮುಟ್ಟದವರಿಗೆ ಹೆಚ್ಚುಕಡಿಮೆ ಎಲ್ಲ ಅಳಿಸಿಹೋಗಿತ್ತು, ಆಗ ಒಳ್ಳೆಯ ಅಂಕ ಬಂದಿದ್ದರೂ ಕೂಡ. ಕಾಲೇಜಿನಲ್ಲಿ ಕಲನಶಾಸ್ತ್ರದವರೆಗೆ ಹೋದವರಿಗೆ ಅರ್ಧ ಶತಮಾನದ ನಂತರವೂ ಬೀಜಗಣಿತ ಗಟ್ಟಿಯಾಗಿತ್ತು. ಹಲವು ವರ್ಷಗಳ ಕಾಲ ಬಿಟ್ಟು ಬಿಟ್ಟು ಅದಕ್ಕೇ ಮರಳಿದ್ದು ಅವರನ್ನು ಕಾಪಾಡಿತು. ಸಂಜೆ ದೀಪ ಹಚ್ಚಿ, ಭಜನೆ ಮುಗಿಸಿ, ಮಗ್ಗಿ, ತಿಥಿ, ನಕ್ಷತ್ರ ಹೇಳಿಸುತ್ತಿದ್ದ ನಮ್ಮ ಹಿರಿಯರು ಈ ಅಧ್ಯಯನ ಓದಿರಲಿಲ್ಲ. ಮಗ್ಗಿ ಈಗಲೂ ನಿಮ್ಮ ಬಾಯಲ್ಲಿ ಇದೆಯಲ್ಲ? ಹದಿನೇಳೆಂಟಲೆ? ನೋಡಿ, ನಾಲ್ಕೂ ಮೂಲೆಯಿಂದ 136 ಬಂತು.

ಹಾಗಾದರೆ ಹೆದರಿಕೆ ಎಲ್ಲಿಂದ? ಮಾರ್ಕ್ ಆಶ್‌ಕ್ರಾಫ್ಟ್, ಎಲಿಜಬೆತ್ ಕರ್ಕ್ ಎಂಬವರು 2001ರಲ್ಲಿ ತೋರಿಸಿದ್ದು ಇಷ್ಟು: ಗಣಿತಕ್ಕೆ ಹೆದರುವವರು ಹೆಚ್ಚು ಎಡವುವುದು ಕೈಯಲ್ಲಿ ದಶಕ ಇಟ್ಟುಕೊಂಡು ಕೂಡುವ ಲೆಕ್ಕಗಳಲ್ಲಿ, ಅದೂ ತಲೆಯಲ್ಲಿ ಬೇರೊಂದು ಹೊರೆ ಇರುವಾಗ. ಒಂಬತ್ತು ಏಳು ಹದಿನಾರು, ಆರು ಬರೆದೆ, ಕೈಯಲ್ಲಿ ಒಂದು. ಆ ಒಂದನ್ನು ಹಿಡಿದಿಡಲು ಮನಸ್ಸಿನಲ್ಲಿ ಸ್ವಲ್ಪ ಜಾಗ ಬೇಕು. ಬೋರ್ಡಿನ ಮುಂದೆ ನಿಂತ ಹುಡುಗನ ಆ ಜಾಗವನ್ನು ಹೆದರಿಕೆ ತಿಂದಿರುತ್ತದೆ. ಕೈಯಲ್ಲಿದ್ದ ಒಂದು ಜಾರುತ್ತದೆ. ನಾವು ದಡ್ಡ ಎನ್ನುತ್ತೇವೆ, ಅವನು ನಂಬುತ್ತಾನೆ, ನಲವತ್ತು ವರ್ಷ ಕಳೆದ ಮೇಲೆ ಇಲ್ಲಿ ಬಂದು ಚೀಟಿಯಲ್ಲಿ ಬರೆಯುತ್ತಾನೆ.

ಅವನು ಬರೆದು ಸುಮ್ಮನಿದ್ದರೆ ನನಗೆ ಚಿಂತೆ ಇರಲಿಲ್ಲ. ಅವನು ಈಗ ಅಪ್ಪ, ಇಲ್ಲವೇ ಅಜ್ಜ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಇವೆರಡೇ ಅದಲುಬದಲು. ಪೇಪರಿನಲ್ಲಿ ಫೋಟೊ, ಫ್ಲೆಕ್ಸು, ಪೇಡ. ಮರುದಿನವೇ ಮನೆಯಲ್ಲಿ ಪಂಚಾಯಿತಿ: ಸಾಯನ್ಸೋ, ಕಾಮರ್ಸೋ. ಆ ಪಂಚಾಯಿತಿಯಲ್ಲಿ ಮಗು ಮಾತಾಡುವುದು ಕಡಿಮೆ. ಮಾತಾಡುವುದು ಅಪ್ಪನ ಹಳೆಯ ಅಂಕಪಟ್ಟಿ, ಅದೂ ನೆನಪಿನಲ್ಲಿರುವ ಅಂಕಪಟ್ಟಿ. ತನಗೆ ಸಾಯನ್ಸ್ ಸೀಟು ಸಿಗಲಿಲ್ಲ ಎಂದು ಮಗನಿಗೆ ಪಿ.ಸಿ.ಎಂ.ಬಿ. ಕೊಡಿಸಿ ಹಾಸ್ಟೆಲಿಗೆ ಸೇರಿಸುವವರು ಒಂದು ಕಡೆ. "ನಮ್ಮ ವಂಶಕ್ಕೇ ಲೆಕ್ಕ ಬರುವುದಿಲ್ಲ" ಎಂದು ಒಳ್ಳೆಯ ಹುಡುಗಿಯನ್ನು ಲೆಕ್ಕದಿಂದ ದೂರ ಇಡುವವರು ಇನ್ನೊಂದು ಕಡೆ. ಎರಡೂ ತಪ್ಪು, ಎರಡನೆಯದು ಹೆಚ್ಚು ತಪ್ಪು ಎಂದು ನನ್ನ ಅಭಿಪ್ರಾಯ. ಮೊದಲನೆಯವನು ಹೇಗೋ ತಪ್ಪಿಸಿಕೊಂಡು ಬರುತ್ತಾನೆ. ಎರಡನೆಯವಳಿಗೆ ತಾನು ಏನು ಕಳೆದುಕೊಂಡೆ ಎಂಬುದೇ ತಿಳಿಯುವುದಿಲ್ಲ.

ಕೋಟದ ಶಿವರಾಮ ಕಾರಂತರನ್ನು ನೋಡಿ. ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟು ಹೊರಟವರು. ಮುಂದೆ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದರು, ಒಬ್ಬರೇ ಕೂತು ಕನ್ನಡದ ಮಕ್ಕಳಿಗೂ ದೊಡ್ಡವರಿಗೂ ವಿಜ್ಞಾನದ ಸಂಪುಟಗಳನ್ನು ಬರೆದರು. ಅವರನ್ನು ಬಿಡಿ, ಅವರು ದೊಡ್ಡವರು ಎನ್ನುತ್ತೀರಿ. ನಿಮ್ಮ ಮನೆಯಲ್ಲೇ ಯಾರಾದರೂ ಮುಂಬಯಿಗೆ ಹೋದ ದೊಡ್ಡಪ್ಪ ಇರುತ್ತಾರೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಕೈ ತೊಳೆದುಕೊಂಡು ಕನ್ನಡ ರಾತ್ರಿಶಾಲೆಗೆ ಓಡಿದವರು. ಊರಿನಲ್ಲಿ ಬಿಟ್ಟುಬಂದ ಲೆಕ್ಕವೇ ಅಲ್ಲಿ ಮತ್ತೆ ಎದುರಿಗೆ ಬಂತು. ಆ ಹೊತ್ತಿಗೆ ಅವರು ಗಲ್ಲೆಯ ಹತ್ತಿರ ನಿಂತು ಬಿಲ್ಲು ಕೂಡಿಸಿ ಪಳಗಿದ್ದರು. ಲೆಕ್ಕ ಬದಲಾಗಿರಲಿಲ್ಲ.

ನನ್ನ ಮಾತು ಇಲ್ಲಿಗೆ ಮುಗಿಯಿತು, ಈಗ ನೀವು ಕೇಳಿ.

(ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಟ್ಟಿದೆ.)

ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು: ಟೀಚರೇ, ಹಾಗಾದರೆ ನಾನು ಮೊಮ್ಮಗಳಿಗೆ ಲೆಕ್ಕ ಹೇಳಿಕೊಡಬೇಕೋ, ಬೇಡವೋ?

ನಿಮಗೆ ಹೆದರಿಕೆ ಇದ್ದರೆ ಬೇಡ. ಇದು ನಾನು ಹೇಳುವುದಲ್ಲ. 2015ರಲ್ಲಿ ಎರಿನ್ ಮಲೋನಿ ಮತ್ತು ಜೊತೆಗಾರರು ಅಮೆರಿಕದಲ್ಲಿ ಒಂದನೇ, ಎರಡನೇ ಕ್ಲಾಸಿನ 438 ಮಕ್ಕಳನ್ನು ನೋಡಿದರು. ಲೆಕ್ಕಕ್ಕೆ ಹೆದರುವ ತಂದೆತಾಯಿ ಪದೇಪದೇ ಹೋಮ್‌ವರ್ಕಿಗೆ ಸಹಾಯ ಮಾಡಿದ ಮನೆಗಳಲ್ಲಿ ಮಕ್ಕಳು ವರ್ಷಾಂತ್ಯಕ್ಕೆ ಕಡಿಮೆ ಕಲಿತಿದ್ದರು, ಹೆದರಿಕೆ ಹೆಚ್ಚಾಗಿತ್ತು. ಹೆದರುವ ತಂದೆತಾಯಿ ಅಷ್ಟಾಗಿ ಕೈ ಹಾಕದ ಮನೆಗಳಲ್ಲಿ ಹಾಗಾಗಲಿಲ್ಲ. ಆದರೆ ನೀವು ಹೆದರುವವರೆಂದು ನನಗೆ ಅನಿಸುವುದಿಲ್ಲ, ನಿಮ್ಮ ಕೌಂಟರಿನಲ್ಲಿ ನನ್ನ ಪಾಸ್‌ಬುಕ್ ಎಷ್ಟು ಸಲ ಬರೆಸಿಕೊಂಡಿದ್ದೇನೆ. ಹೀಗೆ ಮಾಡಿ. ಪೆನ್ಸಿಲು ಅವಳ ಕೈಯಲ್ಲೇ ಇರಲಿ. ಹೇಗೆ ಮಾಡಿದ್ದೆಂದು ಅವಳೇ ನಿಮಗೆ ಹೇಳಿಕೊಡಲಿ. ತಪ್ಪಿದ್ದು ಕಂಡರೂ ಕೂಡಲೇ ಬಾಯಿ ಹಾಕಬೇಡಿ, ಹೇಳುತ್ತಾ ಹೋಗುವಾಗ ಅವಳಿಗೇ ಸಿಕ್ಕಿಬೀಳುತ್ತದೆ. "ನಿನ್ನ ಅಪ್ಪನಿಗೂ ಬರ್ತಿರಲಿಲ್ಲ" ಎಂಬ ಮಾತು ಮಾತ್ರ ಅವಳ ಎದುರು ಆಡಬೇಡಿ.

ಸಭೆಗೆ ಬಂದಿದ್ದ ಮಹಿಳೆಯೊಬ್ಬರು: ನಾನು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವಳು. ಏಳನೇ ಕ್ಲಾಸಿಗೆ ಬಿಟ್ಟದ್ದು. ಈಗ ಹತ್ತನೇ ಕ್ಲಾಸು ಪರೀಕ್ಷೆ ಕಟ್ಟಲಿಕ್ಕೆ ಆಗುತ್ತದಾ? ಲೆಕ್ಕ ಇಲ್ಲದೆ?

ಆಗುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ (ಎನ್‌ಐಒಎಸ್) 14 ವರ್ಷ ತುಂಬಿದ್ದರೆ ಸಾಕು, ಮೇಲಿನ ವಯಸ್ಸಿಗೆ ಮಿತಿ ಇಲ್ಲ. ಐದು ವಿಷಯ ತೆಗೆದುಕೊಳ್ಳಬೇಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಎಲ್ಲವನ್ನೂ ಒಂದೇ ಸಲ ಬರೆಯಬೇಕೆಂದಿಲ್ಲ. ಪಾಸಾದ ವಿಷಯ ಪಾಸಾಗಿಯೇ ಇರುತ್ತದೆ, ಐದು ವರ್ಷದವರೆಗೆ ಸಮಯ ಇದೆ. ಗಣಿತ ಕಡ್ಡಾಯವಲ್ಲ. ಆದರೆ ಸಾವಿರ ಬೀಡಿಗೆ ಎಲೆ ಎಷ್ಟು, ಹೊಗೆಸೊಪ್ಪು ಎಷ್ಟು, ಬ್ರಾಂಚಿನವರು ಎಷ್ಟು ತೆಗೆದುಹಾಕಿದರು, ವಾರಕ್ಕೆ ಎಷ್ಟು ಬರಬೇಕು ಎಂದು ಇಷ್ಟು ವರ್ಷ ಲೆಕ್ಕ ಇಟ್ಟವರು ಯಾರು? ನೀವೇ ಅಲ್ಲವೇ? ಗಣಿತ ತೆಗೆದುಕೊಳ್ಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಫಾರ್ಮು ತುಂಬಿಸಲು ಯಾರಾದರೂ ಬೇಕಿದ್ದರೆ ಚಹಾ ಕುಡಿದು ನನ್ನ ಹತ್ತಿರ ಬನ್ನಿ. ಲೆಕ್ಕ ತೆಗೆದುಕೊಳ್ಳುವುದಾದರೆ ಸಂಜೆ ಐದರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.